ದಾರಿ ತಪ್ಪಿದೆ ಎನ್ನಲು ಒಂದು ಗಂಟೆ ಬೇಕಾಯಿತು

ಶರಾವತಿ ಹಿನ್ನೀರಿನಲ್ಲಿ ನಾವು ಮೂವರು ಇಲ್ಲದ ನಡುಗಡ್ಡೆಯೊಂದನ್ನು ಹುಡುಕುತ್ತಿದ್ದೆವು. ನಕ್ಷೆಯಲ್ಲಿ ಅದು ಸ್ಪಷ್ಟವಾಗಿತ್ತು. ಸುತ್ತಲೂ ನೀಲಿ, ನಡುವೆ ಹಲಸಿನ ಬೀಜದ ಆಕಾರದ ಒಂದು ತುಂಡು ನೆಲ. ಅಲ್ಲೇ ನಮ್ಮ ಐದನೇ ಚೆಕ್‌ಪಾಯಿಂಟ್. ಆದರೆ ಕಣ್ಣ ಮುಂದೆ ನೀರು, ಆಚೆ ದಂಡೆ, ನೀರಿನಿಂದ ತಲೆ ಎತ್ತಿ ನಿಂತ ಒಣ ಮರದ ಬೊಡ್ಡೆಗಳು, ಇಷ್ಟೇ. ನಕ್ಷೆ ನನ್ನ ಕೈಯಲ್ಲಿತ್ತು. ಹಿಂದಿನ ಕಯಾಕ್‌ನಿಂದ ಭಾವ ಕೂಗಿದ, 'ಸರಿ ಹೋಗ್ತಾ ಇದ್ದನಾ?'

'ಸರಿ ಇದ್ದು, ಇನ್ನೊಂದು ಸ್ವಲ್ಪ ಮುಂದೆ' ಎಂದೆ.

ನನಗೆ ಗೊತ್ತಿತ್ತು, ಸರಿ ಇರಲಿಲ್ಲ. ನಾವು ಎಲ್ಲಿದ್ದೇವೆಂಬುದೇ ನನಗೆ ಆಗ ಗೊತ್ತಿರಲಿಲ್ಲ. ಆ ಒಂದು ಮಾತನ್ನು ಹೇಳಲು ನಾನು ತೆಗೆದುಕೊಂಡ ಸಮಯ ಸರಿಯಾಗಿ ಒಂದು ಗಂಟೆ ಐದು ನಿಮಿಷ. ಆ ದಿನದ ಸ್ಪರ್ಧೆಯಲ್ಲಿ ನಾವು ಸೋತದ್ದು ಅಲ್ಲಿ. ಆ ಸೋಲಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಸುಳ್ಳಿನ ಬಗ್ಗೆ, ನನ್ನಂತೆ ಪದವಿ ಮುಗಿಸಿ ಕೆಲಸ ಹುಡುಕುತ್ತಿರುವವರ ಜೊತೆ ಮಾತಾಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಏನಿದು ಸಾಹಸ ಓಟ?

ಅಡ್ವೆಂಚರ್ ರೇಸ್ ಎಂಬ ಆಟ ನಮ್ಮ ಕಡೆ ಅಷ್ಟು ಪರಿಚಿತವಲ್ಲ. ಸೈಕಲ್ ತುಳಿಯುವುದು, ದೋಣಿ ಹುಟ್ಟು ಹಾಕುವುದು, ಗುಡ್ಡ ಹತ್ತಿಳಿಯುವುದು ಎಲ್ಲವೂ ಒಂದೇ ಸ್ಪರ್ಧೆಯೊಳಗೆ ಬರುತ್ತವೆ. ಗುರುತು ಹಾಕಿದ ದಾರಿ ಇರುವುದಿಲ್ಲ. ಕೈಗೆ ಒಂದು ನಕ್ಷೆ, ಒಂದು ದಿಕ್ಸೂಚಿ. ನಕ್ಷೆಯಲ್ಲಿ ಗುರುತಿಸಿದ ಜಾಗಗಳನ್ನು ತಂಡವೇ ಹುಡುಕಿಕೊಂಡು ಹೋಗಬೇಕು. ಯಾವ ದಾರಿಯಲ್ಲಿ ಹೋಗುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ಮೊಬೈಲ್, ಜಿಪಿಎಸ್ ಬಳಸುವಂತಿಲ್ಲ.

1983ರಲ್ಲಿ ನ್ಯೂಜಿಲೆಂಡ್‌ನಲ್ಲಿ 'ಕೋಸ್ಟ್ ಟು ಕೋಸ್ಟ್' ಹೆಸರಿನಲ್ಲಿ ದ್ವೀಪದ ಒಂದು ಕಡಲತೀರದಿಂದ ಇನ್ನೊಂದು ತೀರಕ್ಕೆ ಓಟ, ಸೈಕಲ್, ಕಯಾಕ್‌ಗಳಲ್ಲಿ ಸಾಗುವ ಸ್ಪರ್ಧೆ ಶುರುವಾಯಿತು. 1989ರಲ್ಲಿ ಫ್ರಾನ್ಸಿನ ಪತ್ರಕರ್ತ ಜೆರಾರ್ ಫ್ಯೂಸಿಲ್ ಅದೇ ನ್ಯೂಜಿಲೆಂಡ್‌ನಲ್ಲಿ 'ರೇಡ್ ಗೊಲ್ವಾಸ್' ನಡೆಸಿದರು. ಹಲವು ದಿನಗಳ ಈ ಓಟದಿಂದ ಆಟ ಜಗತ್ತಿಗೆಲ್ಲ ಹಬ್ಬಿತು. 2019ರಲ್ಲಿ ಫಿಜಿಯಲ್ಲಿ ನಡೆದ 'ಇಕೋ ಚಾಲೆಂಜ್'ನಲ್ಲಿ ನಮ್ಮ ದೇಶದ ತಂಡವೂ ಇತ್ತು. 2013ರಲ್ಲಿ ಒಟ್ಟಿಗೆ ಎವರೆಸ್ಟ್ ಏರಿದ ಡೆಹ್ರಾಡೂನಿನ ಅವಳಿ ಸಹೋದರಿಯರಾದ ತಾಶಿ ಮತ್ತು ನುಂಗ್ಶಿ ಮಲಿಕ್ ಆ ತಂಡದಲ್ಲಿದ್ದರು. ಪುಣೆಯ ಸುತ್ತಲಿನ ಸಹ್ಯಾದ್ರಿಯಲ್ಲಿ ಮೂವರ ತಂಡಗಳಿಗಾಗಿ 'ಎಂಡ್ಯೂರೋ3' ಎಂಬ ಸ್ಪರ್ಧೆ 2003ರಿಂದ ನಡೆದು ಬಂದಿದೆ.

ಈ ಆಟದ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ. ಇಡೀ ತಂಡ ಒಟ್ಟಿಗೆ ಇರಬೇಕು, ಒಟ್ಟಿಗೆ ಮುಗಿಸಬೇಕು. ಮೊದಲು ಬಂದವನ ಸಮಯ ಲೆಕ್ಕಕ್ಕಿಲ್ಲ. ಕೊನೆಯವನು ಗೆರೆ ದಾಟಿದಾಗಲೇ ಗಡಿಯಾರ ನಿಲ್ಲುವುದು.

ನಮ್ಮದು ಇಷ್ಟು ದೊಡ್ಡ ಸ್ಪರ್ಧೆಯೇನೂ ಅಲ್ಲ. ಅದಕ್ಕೊಂದು ಹೆಸರೂ ಇರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರಿನ ಕೆಲವು ಸೀನಿಯರ್‌ಗಳು, ಊರಲ್ಲೇ ಉಳಿದ ಕೆಲವರು ಸೇರಿ 2023ರ ಡಿಸೆಂಬರಿನ ಒಂದು ಭಾನುವಾರ ನಡೆಸಿದ ಒಂದು ದಿನದ ಓಟ. 11 ತಂಡ, 33 ಜನ. ಸಿದ್ದಾಪುರ ಪೇಟೆಯಿಂದ ಹೊರಟು ಹಳ್ಳಿ ರಸ್ತೆಗಳಲ್ಲಿ ಸೈಕಲ್ ಮೇಲೆ ತಾಳಗುಪ್ಪದ ಕಡೆಗೆ ಸಾಗಿ ಹಿನ್ನೀರು ಮುಟ್ಟಬೇಕು. ನೀರಿನಲ್ಲಿ 6 ಕಿಲೋಮೀಟರ್ ಕಯಾಕ್. ಆಮೇಲೆ 8 ಕಿಲೋಮೀಟರ್ ಕಾಲ್ನಡಿಗೆ. ಮತ್ತೆ ಸೈಕಲ್ ಏರಿ ಸಂಜೆ 5 ಗಂಟೆಯೊಳಗೆ ಪೇಟೆಗೆ ವಾಪಸ್. ಬಹುಮಾನ ಒಂದು ಜೋನಿ ಬೆಲ್ಲದ ಡಬ್ಬಿ.

ನಮ್ಮ ತಂಡ

ಭಾವ ಎಂದರೆ ನನ್ನ ಸೋದರತ್ತೆಯ ಮಗ. ಪಿಯುಸಿ ಮುಗಿಸಿ ಮನೆಯಲ್ಲೇ ತೋಟ ನೋಡಿಕೊಂಡಿದ್ದಾನೆ. ಅಡಿಕೆ ಕೊಯ್ಲಿನಲ್ಲಿ ದಿನವಿಡೀ ಮೈ ದಂಡಿಸಿದವನಿಗೆ ಸೈಕಲ್ ಒಂದು ಲೆಕ್ಕವೇ ಅಲ್ಲ. ಇನ್ನೊಬ್ಬಳು ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಕಿರಿಯಳು. ಮೂರು ವರ್ಷ ಎನ್‌ಸಿಸಿಯಲ್ಲಿದ್ದಳು. ನಕ್ಷೆ ಓದುವುದು ಎನ್‌ಸಿಸಿ ಪಠ್ಯದ ಒಂದು ಭಾಗ. ಹಾಗಾಗಿ ನ್ಯಾಯವಾಗಿ ನಕ್ಷೆ ಅವಳ ಕೈಯಲ್ಲಿರಬೇಕಿತ್ತು. ಆದರೆ ವಯಸ್ಸಿನಲ್ಲಿ ನಾನು ಹಿರಿಯ, 'ಓದಿದವನು' ಬೇರೆ. ಬೆಳಿಗ್ಗೆ ನಕ್ಷೆ ಕೊಟ್ಟಾಗ ಕೈ ಚಾಚಿದವನು ನಾನೇ. ಅವಳು ಸುಮ್ಮನಾದಳು.

ನನ್ನ 'ಓದಿನ' ಬಗ್ಗೆಯೂ ಹೇಳಬೇಕು. ಬಿ.ಕಾಂ. ಮುಗಿಸಿ ಎರಡು ವರ್ಷ ಬೆಂಗಳೂರಿನ ವಿಜಯನಗರದ ಪಿ.ಜಿ.ಯೊಂದರಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿದೆ. ಆ ಬೀದಿಗಳ ಪರಿಚಯ ನಿಮ್ಮಲ್ಲಿ ಹಲವರಿಗೆ ಇದ್ದೇ ಇರುತ್ತದೆ. ಕೋಚಿಂಗ್ ಸೆಂಟರು, ಜೆರಾಕ್ಸ್ ಅಂಗಡಿ, ತಿಂಗಳ ಲೆಕ್ಕದ ಲೈಬ್ರರಿ ಸೀಟು. ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಎಂದು ಯಾವ ಅಧಿಸೂಚನೆ ಬಂದರೂ ಅರ್ಜಿ ಹಾಕುತ್ತಿದ್ದೆ. ಮೂರು ಸಲ ಬರೆದೆ, ಮೂರು ಸಲವೂ ಆಗಲಿಲ್ಲ. ಅಪ್ಪ ಫೋನಿನಲ್ಲಿ 'ರಿಸಲ್ಟು ಬಂತನಾ ತಮಾ?' ಎಂದು ಕೇಳುತ್ತಿದ್ದರು. 'ಇನ್ನೂ ಬಂಜಿಲ್ಲೆ ಅಪ್ಪ' ಎನ್ನುತ್ತಿದ್ದೆ. ಮೂರನೆಯ ಫಲಿತಾಂಶ ಬಂದು ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಇರುವುದು ಒಂದು ಎಕರೆ ಅಡಿಕೆ ತೋಟ. ಅದಕ್ಕೂ ಎಲೆಚುಕ್ಕಿ ರೋಗ ಬಂದಿತ್ತು. ಅಂಥ ಮನೆಯಿಂದ ನನ್ನ ಪಿ.ಜಿ. ಬಾಡಿಗೆ ಪ್ರತಿ ತಿಂಗಳೂ ಬರುತ್ತಲೇ ಇತ್ತು.

ಈ ಎರಡು ಸಂಗತಿಗಳಿಗೆ, ಆ ನಕ್ಷೆಗೂ ಈ ಫೋನಿಗೂ, ಸಂಬಂಧವಿದೆ ಎಂದು ನನಗೆ ಹೊಳೆದದ್ದು ಆ ಭಾನುವಾರವೇ.

ನಕ್ಷೆ ಸುಳ್ಳು ಹೇಳಿರಲಿಲ್ಲ

ಬೆಳಗಿನ ಸೈಕಲ್ ಭಾಗ ಚೆನ್ನಾಗಿಯೇ ನಡೆಯಿತು. ಮಂಜು ಇನ್ನೂ ಗದ್ದೆಯ ಮೇಲಿತ್ತು. ನಾಲ್ಕು ಚೆಕ್‌ಪಾಯಿಂಟ್‌ಗಳೂ ಸಿಕ್ಕವು. ಒಂದು ಮುರಿದ ಸಂಕದ ಹತ್ತಿರ, ಒಂದು ಹಳೆಯ ಬಾವಿಕಟ್ಟೆಯಲ್ಲಿ. ತಗಡಿನ ಮೇಲೆ ಬರೆದ ಅಕ್ಷರವನ್ನು ನಮ್ಮ ಕಾರ್ಡಿಗೆ ಬರೆದುಕೊಂಡು ಮುಂದೆ ಹೋದೆವು. ಹಿನ್ನೀರು ಮುಟ್ಟಿದಾಗ ನಾವು ಮೂರನೆಯವರು.

ಹಿನ್ನೀರಿನ ಕತೆ ಈ ಸೀಮೆಯವರಿಗೆಲ್ಲ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಗದ್ದೆ, ತೋಟ, ಮನೆ, ದೇವಸ್ಥಾನಗಳ ಜೊತೆಗೆ ಅದಕ್ಕೂ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಜಲಾಶಯದ ತುಂಬಿದ ಮಟ್ಟ 1,819 ಅಡಿ. ಮುಳುಗದೆ ಉಳಿದ ಗುಡ್ಡದ ತಲೆಗಳೇ ಇಂದಿನ ನಡುಗಡ್ಡೆಗಳು. ನೀರು ಇಳಿದಾಗ ಹಳೆಯ ರಸ್ತೆಗಳು, ಮರದ ಬೊಡ್ಡೆಗಳು ಮೇಲೆ ಬರುತ್ತವೆ. ಆ ಬೊಡ್ಡೆಗಳಿಂದಾಗಿಯೇ ಲೈಫ್ ಜಾಕೆಟ್ ಹಾಕದೆ ಯಾರೂ ನೀರಿಗಿಳಿಯುವಂತಿಲ್ಲ ಎಂದು ಆಯೋಜಕರು ಕಟ್ಟುನಿಟ್ಟು ಮಾಡಿದ್ದರು. ಮಧ್ಯಾಹ್ನದ ಮೇಲೆ ಗಾಳಿ ಎದ್ದು ಅಲೆ ಬರುತ್ತದೆ, ಅಷ್ಟರೊಳಗೆ ಎಲ್ಲರೂ ದಂಡೆಗೆ ಬಂದಿರಬೇಕು ಎಂಬುದು ಇನ್ನೊಂದು ನಿಯಮ.

ಕಯಾಕ್ ನಡೆಸುವುದು ತೋಳಿನ ಬಲದಿಂದಲ್ಲ ಎಂದು ಹಿಂದಿನ ದಿನ ಹೇಳಿಕೊಟ್ಟಿದ್ದರು. ಸೊಂಟದಿಂದ ಮೇಲಿನ ಮೈಯನ್ನೇ ತಿರುಗಿಸಬೇಕು, ಹುಟ್ಟು ಪಾದದ ಹತ್ತಿರ ನೀರಿಗಿಳಿದು ಸೊಂಟದ ಬಳಿ ಮೇಲೆ ಬರಬೇಕು. ಬರೀ ತೋಳಿನಿಂದ ಎಳೆದರೆ ಅರ್ಧ ಗಂಟೆಯಲ್ಲಿ ಭುಜ ಸೋಲುತ್ತದೆ. ನಾನು ಮತ್ತು ಜೂನಿಯರ್ ಇಬ್ಬರು ಕೂರುವ ಕಯಾಕ್‌ನಲ್ಲಿದ್ದೆವು. ಭಾವ ಒಂಟಿ ಕಯಾಕ್‌ನಲ್ಲಿ ಹಿಂದೆ ಬರುತ್ತಿದ್ದ.

ನಕ್ಷೆಯ ಪ್ರಕಾರ ಒಂದು ಉದ್ದನೆಯ ಮೂಗಿನಂಥ ದಂಡೆಯನ್ನು ಬಳಸಿ ಮುಂದೆ ಹೋದರೆ ನಡುಗಡ್ಡೆ ಬಲಕ್ಕೆ ಸಿಗಬೇಕು. ಹೋದೆವು. ಸಿಗಲಿಲ್ಲ. ಇನ್ನೂ ಮುಂದಿರಬೇಕು ಎಂದೆ. ಹೋದೆವು. ಬೇರೊಂದು ಕೊಲ್ಲಿ ಬಂತು. 'ಅಣ್ಣಾ, ಒಮ್ಮೆ ನಕ್ಷೆ ಕೊಡ್ತೀರಾ?' ಎಂದಳು ಜೂನಿಯರ್. 'ತಡಿ, ಸಿಗ್ತದೆ' ಎಂದೆ. ವಾಪಸ್ ಬಂದೆವು. ಮತ್ತೆ ಹೋದೆವು. ಎರಡು ತಂಡಗಳು ನಮ್ಮನ್ನು ದಾಟಿ ಹೋದವು. ಅವರು ಹೋದ ದಿಕ್ಕನ್ನು ನೋಡಿ 'ಅವ್ರು ತಪ್ಪಿದಾರೆ' ಎಂದು ಕೂಡ ಹೇಳಿದೆ!

ಕೊನೆಗೆ ದಂಡೆಯ ಮೇಲೆ ದನ ಕಾಯುತ್ತಿದ್ದ ಅಜ್ಜನೊಬ್ಬ ಕೂಗಿದ, 'ಎಂತ ಹುಡುಕ್ತಾ ಇದೀರಿ ಮಾರಾಯ್ರ, ಆಗ್ಲಿಂದ?'

ಮೊಬೈಲಿಗೆ ನಿಷೇಧವಿತ್ತು, ಬಾಯಿಗೆ ಇರಲಿಲ್ಲ. ಊರವರನ್ನು ಕೇಳಬಹುದೆಂದು ನಿಯಮದಲ್ಲೇ ಇತ್ತು. ಆದರೂ ನಾನು ಕೇಳಿರಲಿಲ್ಲ. ಉತ್ತರ ಕೊಟ್ಟವಳು ಜೂನಿಯರ್, 'ನಡುಗಡ್ಡೆ ಅಜ್ಜಾ. ಇಲ್ಲೆಲ್ಲೋ ಇರ್ಬೇಕಿತ್ತು.'

ಅಜ್ಜ ನಕ್ಕ. 'ಅದ್ರ ಪಕ್ಕದಾಗೇ ಸುತ್ತತಾ ಇದೀರಲ್ಲ. ಈ ವರ್ಷ ನೀರೆಲ್ಲೈತಿ? ನಮ್ಮ ದನ ನಡ್ಕಂಡೇ ಹೋಗಿ ಮೇಯ್ತಾವೆ ಅಲ್ಲಿ.'

2023ರಲ್ಲಿ ಮಳೆ ಕೈಕೊಟ್ಟದ್ದು ನಿಮಗೆ ನೆನಪಿರಬಹುದು. ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ ಅದು. ಲಿಂಗನಮಕ್ಕಿ ತುಂಬಲಿಲ್ಲ. ನಮ್ಮ ನಕ್ಷೆಯಲ್ಲಿ ನೀರಿನ ಅಂಚು ಇದ್ದದ್ದು ತುಂಬಿದ ಮಟ್ಟದ ಪ್ರಕಾರ. ನಿಜವಾದ ನೀರು ಹತ್ತಾರು ಅಡಿ ಕೆಳಗಿತ್ತು. ನಡುಗಡ್ಡೆ ದಂಡೆಗೆ ಕೂಡಿಕೊಂಡು ಬರೀ ಗುಡ್ಡವಾಗಿ ನಿಂತಿತ್ತು. ನಾವು ಅದರ ಮುಂದೆಯೇ ಮೂರು ಸಲ ಹಾದು ಹೋಗಿದ್ದೆವು.

ಆಗ ನಾನು ನಕ್ಷೆಯನ್ನು ಹಿಂದೆ ಚಾಚಿದೆ. 'ನಂಗೆ ಗೊತ್ತಾಗ್ತಾ ಇಲ್ಲ. ನೀನೇ ನೋಡು' ಎಂದೆ. ಗಡಿಯಾರ ನೋಡಿಕೊಂಡೆ. ಒಂದು ಗಂಟೆ ಐದು ನಿಮಿಷ ಹೋಗಿತ್ತು.

ಅವಳು ಬೆರಳಿಟ್ಟು ತೋರಿಸಿದಳು. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂಟೂರ್ ಗೆರೆಗಳು ನಕ್ಷೆಯಲ್ಲಿ ಇರುತ್ತವಲ್ಲ, ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆಯಲ್ಲಿ ಸಾಮಾನ್ಯವಾಗಿ 20 ಮೀಟರಿಗೊಂದರಂತೆ. ದಂಡೆಯ ಮೂಗು ಯಾವ ದಿಕ್ಕಿಗೆ ಇಳಿದು ನೀರು ಸೇರಿತ್ತೋ, ನಡುಗಡ್ಡೆಯ ಏಣು ಅದೇ ಸಾಲಿನಲ್ಲಿ ಮುಂದುವರಿದಿತ್ತು. 'ಎರಡೂ ಒಂದೇ ಏಣು ಅಣ್ಣಾ. ನಡುವಿನ ತಗ್ಗಿಗೆ ಮಾತ್ರ ನೀರು ಬರ್ತದೆ. ನೀರು ಇಳಿದ್ರೆ ಅದು ದ್ವೀಪವೇ ಅಲ್ಲ' ಎಂದಳು.

'ನಿಂಗೆ ಮೊದ್ಲೇ ಅನ್ನಿಸಿತ್ತಾ?'

'ಅನುಮಾನ ಇತ್ತು. ನೀವು ಅಷ್ಟು ಗಟ್ಟಿಯಾಗಿ ಹೇಳ್ತಾ ಇದ್ರಿ, ಅದ್ಕೇ...'

ನಕ್ಷೆ ಸುಳ್ಳು ಹೇಳಿರಲಿಲ್ಲ. ಹಾಗೆ ನೋಡಿದರೆ ದಾರಿ ತಪ್ಪಿದ್ದೂ ದೊಡ್ಡ ತಪ್ಪಾಗಿರಲಿಲ್ಲ. ಆ ದಿನ 11 ತಂಡಗಳಲ್ಲಿ 7 ತಂಡಗಳು ಆ ನಡುಗಡ್ಡೆಗೆ ತಡಕಾಡಿದ್ದವು ಎಂದು ಆಮೇಲೆ ತಿಳಿಯಿತು. ಉಳಿದವರು ಹತ್ತು ನಿಮಿಷದಲ್ಲಿ ನಿಂತು, ಮೂವರೂ ತಲೆ ಸೇರಿಸಿ, ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗಿದ್ದರು. ನಮಗೆ ಆದ ನಷ್ಟ ತಪ್ಪಿನಿಂದ ಹತ್ತು ನಿಮಿಷ, ನನ್ನ ಬಾಯಿಯಿಂದ ಐವತ್ತೈದು ನಿಮಿಷ.

ಸೈಕಲ್ ಟ್ಯೂಬ್

ಕಾಲ್ನಡಿಗೆಯ ಭಾಗವನ್ನು ಆಯೋಜಕರು ಮೊದಲು ದಟ್ಟ ಕಾಡಿನೊಳಗೆ ಇಟ್ಟಿದ್ದರಂತೆ. ಆಮೇಲೆ ಬದಲಿಸಿ ಗದ್ದೆ ಬಯಲು, ಬೇಣ ಮತ್ತು ಊರದಾರಿಗಳ ಮೇಲೆಯೇ ಹಾಯಿಸಿದರು. ಕಾರಣ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗುಗಳ ಕಡಿತದಿಂದ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಕೆಲವರು ಆಗ 'ಇಷ್ಟಕ್ಕೆಲ್ಲ ಹೆದರಿದ್ರೆ ಅದೆಂಥ ಸಾಹಸ?' ಎಂದು ಗೊಣಗಿದ್ದುಂಟು. ಎರಡು ಮೂರು ತಿಂಗಳೊಳಗೆ ನಮ್ಮ ತಾಲ್ಲೂಕಿನಲ್ಲೇ ರೋಗ ಹಬ್ಬಿ ಸಾವುಗಳಾದವು. ಗೊಣಗಿದವರು ಸುಮ್ಮನಾದರು. ಸಾಹಸಕ್ಕೂ ಹುಂಬತನಕ್ಕೂ ನಡುವಿನ ಗೆರೆ ಎಲ್ಲಿದೆ ಎಂಬುದು ನಮ್ಮ ಊರಿನಲ್ಲಿ ಪುಸ್ತಕದ ಪ್ರಶ್ನೆಯಲ್ಲ.

ನಡಿಗೆಯಲ್ಲಿ ನಕ್ಷೆ ಜೂನಿಯರ್ ಕೈಯಲ್ಲಿತ್ತು. ಅವಳು ಹೆಬ್ಬೆರಳನ್ನು ನಕ್ಷೆಯ ಮೇಲೆ ನಾವಿರುವ ಜಾಗದಲ್ಲೇ ಇಟ್ಟುಕೊಂಡು, ಮುಂದೆ ಹೋದಂತೆ ಬೆರಳನ್ನೂ ಸರಿಸುತ್ತಿದ್ದಳು. ದೂರ ಅಳೆಯಲು ಹೆಜ್ಜೆ ಎಣಿಸುವ ಕೆಲಸ ನನ್ನದಾಯಿತು. ಹಳ್ಳ ದಾಟಿದರೆ, ದರೆ ಸಿಕ್ಕರೆ, ದಾರಿ ಕವಲೊಡೆದರೆ ಗಟ್ಟಿಯಾಗಿ ಹೇಳುತ್ತಿದ್ದಳು. ಅನುಮಾನ ಬಂದಾಗಲೆಲ್ಲ 'ನಿಲ್ಲಿ' ಎನ್ನುತ್ತಿದ್ದಳು. ಎಂಟು ಕಿಲೋಮೀಟರಿನಲ್ಲಿ ಹತ್ತು ಸಲವಾದರೂ ನಿಂತೆವು. ಒಮ್ಮೆಯೂ ದಾರಿ ತಪ್ಪಲಿಲ್ಲ.

ವಾಪಸ್ ಸೈಕಲ್ ಏರಿದಾಗ ನನ್ನ ಕಾಲು ಮುಗಿದಿತ್ತು. ತೊಡೆ ಹಿಡಿದುಕೊಂಡು ಏರಿನಲ್ಲಿ ಇಳಿದು ನಿಂತೆ. ಭಾವ ಚೀಲದಿಂದ ಹಳೆಯ ಸೈಕಲ್ ಟ್ಯೂಬ್ ಒಂದನ್ನು ತೆಗೆದ. ಒಂದು ತುದಿ ತನ್ನ ಸೀಟಿನ ಕೆಳಗೆ ಕಟ್ಟಿ, ಇನ್ನೊಂದನ್ನು ನನ್ನ ಕಡೆ ಚಾಚಿದ. ಬಲವಿದ್ದವನು ಸೋತವನನ್ನು ಎಳೆದುಕೊಂಡು ಹೋಗುವುದು ಈ ಆಟದಲ್ಲಿ ನಿಯಮಕ್ಕೆ ವಿರುದ್ಧವಲ್ಲ. ಜಗತ್ತಿನ ದೊಡ್ಡ ತಂಡಗಳೂ ಹಗ್ಗ ಕಟ್ಟಿ ಎಳೆಯುತ್ತವೆ. ಆದರೂ ನಾನು ಬೇಡ ಎಂದೆ.

'ಟ್ಯೂಬು ಕಟ್ಟು ಭಾವ. ಸುಮ್ನೆ ಹಠ ಮಾಡಡ. ನೀ ನಿಂತ್ರೆ ಮೂರು ಜನಾನೂ ನಿಂತಂಗೇ' ಎಂದ.

ಕಟ್ಟಿದೆ. ಅವನು ಎಳೆದ. ನಾನೂ ಆದಷ್ಟು ತುಳಿದೆ. ಪೇಟೆ ಮುಟ್ಟಿದಾಗ 5 ಗಂಟೆ 12 ನಿಮಿಷ. ಸಮಯ ಮೀರಿದ್ದರಿಂದ ನಮ್ಮ ತಂಡಕ್ಕೆ ಸ್ಥಾನ ಸಿಗಲಿಲ್ಲ. ಹೈಸ್ಕೂಲಿನಲ್ಲಿ ಸರ್ಕಾರ ಕೊಟ್ಟ ಸೈಕಲ್‌ಗಳನ್ನೇ ರಿಪೇರಿ ಮಾಡಿಕೊಂಡು ಬಂದಿದ್ದ ಮೂವರು ಹುಡುಗರು ಐದನೆಯವರಾಗಿದ್ದರು.

ಆ ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದೆ. ರಿಸಲ್ಟು ಬಂದು ನಾಲ್ಕು ತಿಂಗಳಾಯಿತು, ಆಗಲಿಲ್ಲ, ಮುಂದೇನು ಎಂದು ನನಗೆ ಗೊತ್ತಾಗುತ್ತಿಲ್ಲ ಎಂದೆ. ಅಪ್ಪ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, 'ಮೊದ್ಲೇ ಹೇಳಲಾಗಿತ್ತಲ ತಮಾ. ನಾಲ್ಕು ತಿಂಗಳು ಒಬ್ನೇ ಇದ್ದೆ ಅಲ್ದಾ?' ಎಂದರು. ಮಾರನೆಯ ದಿನ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಇನ್ನೊಂದು ವರ್ಷ ಮಾತ್ರ ಪರೀಕ್ಷೆಗೆ ಓದುವುದು, ಅದೂ ಊರಿನಿಂದಲೇ. ಜೊತೆಗೆ ಪೇಟೆಯ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಅರ್ಧ ದಿನದ ಕೆಲಸ. ಅದು ದೊಡ್ಡ ಗೆಲುವಲ್ಲ ನಿಜ, ಆದರೆ ನಾನು ನಿಂತಿರುವ ಜಾಗ ಯಾವುದೆಂದು ಮನೆಯವರಿಗೆಲ್ಲ ಗೊತ್ತಾಗಿತ್ತು.

ಹೇಳಬೇಕಾದ ಮಾತು

ಪದವಿ ಮುಗಿದ ಮೇಲಿನ ಎರಡು ಮೂರು ವರ್ಷಗಳಲ್ಲಿ ನಮ್ಮಲ್ಲಿ ಅನೇಕರು ಇಲ್ಲದ ನಡುಗಡ್ಡೆಯನ್ನೇ ಹುಡುಕುತ್ತಿರುತ್ತೇವೆ. ನಾವು ನಕ್ಷೆ ಹಿಡಿದಾಗ ನೀರು ತುಂಬಿತ್ತು. ನಾವು ಹೊರಡುವ ಹೊತ್ತಿಗೆ ನೀರು ಇಳಿದಿರುತ್ತದೆ. ಅಧಿಸೂಚನೆ ಮುಂದೂಡಿದೆ, ಹುದ್ದೆ ಕಡಿಮೆಯಾಗಿದೆ, ಕಲಿತ ಕೋರ್ಸಿಗೆ ಕೇಳುವವರಿಲ್ಲ. ಅದು ನಮ್ಮ ತಪ್ಪಲ್ಲ. ಆದರೆ 'ಸರಿ ಹೋಗ್ತಾ ಇದೀಯಾ?' ಎಂದು ಕೇಳಿದವರಿಗೆಲ್ಲ 'ಇನ್ನೊಂದು ಸ್ವಲ್ಪ ಮುಂದೆ' ಎನ್ನುತ್ತಾ ವರ್ಷಗಳನ್ನು ಕಳೆಯುವುದಿದೆಯಲ್ಲ, ಅದು ನಮ್ಮದೇ. ಆ ಮೌನದೊಳಗೆ ಕುಸಿದವರನ್ನು ನಾನು ವಿಜಯನಗರದಲ್ಲಿ ನೋಡಿದ್ದೇನೆ. ಪಕ್ಕದ ಮಂಚದವನಿಗೂ ತಮ್ಮ ಫಲಿತಾಂಶ ಹೇಳದವರು ಅವರು. ದನ ಕಾಯುವ ಅಜ್ಜನಂತೆ ದಂಡೆಯ ಮೇಲೆ ನಿಂತು ನೋಡುತ್ತಿರುವವರು ಎಲ್ಲ ಕಡೆಯೂ ಇರುತ್ತಾರೆ. ಕೇಳಿದರೆ ಹೇಳುತ್ತಾರೆ. ನಾವು ಕೇಳುವುದಿಲ್ಲ.

ನಮ್ಮ ಶಿಕ್ಷಣವೂ ಇದಕ್ಕೆ ಕಾರಣ. 'ಗೊತ್ತಿಲ್ಲ' ಎಂಬ ಉತ್ತರಕ್ಕೆ ಯಾವ ಪರೀಕ್ಷೆಯಲ್ಲೂ ಅಂಕವಿಲ್ಲ. ಪಕ್ಕದವನನ್ನು ಕೇಳಿದರೆ ಅದು ನಕಲು. ಹದಿನೈದು ವರ್ಷ ಹೀಗೆ ಕಲಿತವರು ಒಂದು ದಿನ ಇದ್ದಕ್ಕಿದ್ದಂತೆ 'ದಾರಿ ತಪ್ಪಿದೆ, ಕೈ ಕೊಡಿ' ಎನ್ನಲು ಹೇಗೆ ಸಾಧ್ಯ? ಅದನ್ನು ಎಲ್ಲೋ ಒಂದು ಕಡೆ ಅಭ್ಯಾಸ ಮಾಡಬೇಕು. ಹೀಗೆ ಅಭ್ಯಾಸ ಮಾಡಿಸುವ ಆಟ ಇದೆ ಎಂಬುದೇ ನನ್ನ ವಾದ.

ಇದಕ್ಕೆ ಬೇಕಾದದ್ದು ನಮ್ಮ ಹತ್ತಿರವೇ ಇದೆ. ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ನಕ್ಷೆ, ದಿಕ್ಸೂಚಿ ಕಲಿಸುತ್ತಾರೆ. ಅದು ಸಮವಸ್ತ್ರದವರಿಗೆ ಮಾತ್ರ ಏಕೆ? ಸ್ವೀಡನ್‌ನಲ್ಲಿ ನಕ್ಷೆ ಹಿಡಿದು ಓಡುವ ಓರಿಯಂಟೀರಿಂಗ್ ಶಾಲೆಯ ದೈಹಿಕ ಶಿಕ್ಷಣದ ಭಾಗ. ನಮ್ಮ ಪ್ರತಿ ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಒಂದು ದಿನವನ್ನು ಇದಕ್ಕೆ ಕೊಡಬಹುದು. ಕಯಾಕ್ ಇಲ್ಲದಿದ್ದರೆ ಬೇಡ, ಒಂದು ನಕ್ಷೆ, ಮೂವರ ತಂಡ, ಹತ್ತು ಚೆಕ್‌ಪಾಯಿಂಟ್ ಸಾಕು. ನೀರಿನ ಭಾಗ ಬೇಕೆಂದರೆ ತರಬೇತಿ ಪಡೆದವರ ಕೈಕೆಳಗೇ ಕಲಿಯಬೇಕು. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇರುವುದೇ ಇಂಥ ತರಬೇತಿಗೆ. ನಮ್ಮ ಪಕ್ಕದ ಸಾಗರ ತಾಲ್ಲೂಕಿನ ಹೊನ್ನೇಮರಡುವಿನಲ್ಲಿ ಇದೇ ಹಿನ್ನೀರಿನ ಮೇಲೆ ಎಷ್ಟೋ ವರ್ಷಗಳಿಂದ ಯುವಜನರು ಹುಟ್ಟು ಹಾಕುವುದನ್ನು ಕಲಿತಿದ್ದಾರೆ.

ಎರಡು ಎಚ್ಚರಿಕೆ ಮಾತ್ರ ಬೇಕು. ಕಾಡು, ನೀರು ನಮ್ಮೊಬ್ಬರದಲ್ಲ. ಅನುಮತಿ ಪಡೆದು, ಊರವರಿಗೆ ತಿಳಿಸಿ, ಮಂಗನ ಕಾಯಿಲೆಯ ಕಾಲದಲ್ಲಿ ಆರೋಗ್ಯ ಇಲಾಖೆಯ ಮಾತು ಕೇಳಿಯೇ ಮಾಡಬೇಕು. ಎರಡನೆಯದು, ದೊಡ್ಡ ಬ್ಯಾನರು, ಡಿಜೆ, ಸಾವಿರಾರು ರೂಪಾಯಿ ಪ್ರವೇಶ ಶುಲ್ಕದ ಜಾತ್ರೆಯಾದರೆ ಸರ್ಕಾರಿ ಸೈಕಲ್ಲಿನ ಆ ಮೂವರು ಹುಡುಗರಿಗೆ ಅಲ್ಲಿ ಜಾಗವಿರುವುದಿಲ್ಲ. ಅವರಿಲ್ಲದ ಓಟ ನಮಗೆ ಬೇಕಿಲ್ಲ.

'ಕೆಲಸ ಇಲ್ಲದವ್ರ ಕೆಲಸ' ಎಂದು ನಮ್ಮೂರಿನ ಕಟ್ಟೆಯ ಮೇಲೆ ಯಾರೋ ಅಂದರು. ಅದು ನಿಜವೂ ಹೌದು, ನನಗೆ ಕೆಲಸವಿರಲಿಲ್ಲ. ಈ ಓಟದಿಂದ ಕೆಲಸವೂ ಸಿಗುವುದಿಲ್ಲ, ಅದರ ಪ್ರಮಾಣಪತ್ರ ತೋರಿಸಿದರೆ ಯಾವ ಸಂದರ್ಶನದಲ್ಲೂ ಅಂಕ ಬರುವುದಿಲ್ಲ. ಆದರೆ ನಾನು ಈಗ ಓದಲು ಕೂತಾಗ ಅರ್ಥವಾಗದ್ದನ್ನು ಮೊದಲ ಹತ್ತು ನಿಮಿಷದಲ್ಲೇ ಯಾರನ್ನಾದರೂ ಕೇಳುತ್ತೇನೆ. ಕಚೇರಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಮುಚ್ಚಿಡದೆ ಹೇಳುತ್ತೇನೆ. ಅಪ್ಪ ಫೋನು ಮಾಡಿದರೆ ಇದ್ದದ್ದನ್ನೇ ಹೇಳುತ್ತೇನೆ.

ಈ ವರ್ಷ ಮತ್ತೆ ಓಟ ನಡೆಸುವ ಮಾತು ನಡೆದಿದೆ. ಭಾವ ಆ ಹಳೆಯ ಟ್ಯೂಬನ್ನು ಬಿಸಾಡದೆ ಇಟ್ಟಿದ್ದಾನೆ. ನಕ್ಷೆ ಯಾರ ಕೈಯಲ್ಲಿರಬೇಕೆಂದು ಈ ಸಲ ಚರ್ಚೆಯೇ ಇಲ್ಲ. ಜೂನಿಯರ್‌ಗೆ ನಾನು ಹೇಳಿರುವುದು ಒಂದೇ ಮಾತು, 'ನಾನು ಎಷ್ಟು ಗಟ್ಟಿಯಾಗಿ ಹೇಳಿದ್ರೂ, ನಿಂಗೆ ಅನುಮಾನ ಬಂದ್ರೆ ನಿಲ್ಲಿಸು.'